ಕನ್ನಡಿ ಮೇಲಿನ ಹ

ಜುಲೈ 5, 2007, ಗುರುವಾರ. ಸಂಜೆ 4.40

...ಸಾರಿ, ಮತ್ತೆ ಮೊದಲಿಂದ. ಇದು ಮೂರನೇ ಸಲ. ಕೆಂಪು ಬಟನ್ ಒಂದನ್ನೇ ಒತ್ತಿ ಹತ್ತು ನಿಮಿಷ ಮಾತಾಡ್ಬಿಟ್ಟೆ. ಕೆಂಪಿನ ಜೊತೆ ಪ್ಲೇನೂ ಒತ್ತಬೇಕಂತೆ. ಹತ್ತು ನಿಮಿಷ ಬೀರು ಜೊತೆ ಮಾತಾಡ್ದಂಗಾಯ್ತು. ಈಗ ಯಾರ ಹತ್ರ ಸಾರಿ ಕೇಳ್ತಿದೀನೋ... ಬೀರು ಹತ್ರಾನೇ ಇರಬೇಕು.

ಇರ್ಲಿ. ಶಂಭುಲಿಂಗಪ್ಪ, ಸಹಶಿಕ್ಷಕ, ಐವತ್ತು ವರ್ಷ. ಮನೆ ನಂಜನಗೂಡು, ಸ್ಕೂಲು ಟಿ. ನರಸೀಪುರ ತಾಲ್ಲೂಕು. 5.20ರ ಬಸ್ಸಿಗೆ ಇನ್ನೂ ಟೈಮಿದೆ. ಮಕ್ಕಳು ಹೋದ್ರು, ಬೀಗ ಹಾಕಿಲ್ಲ.

ಈ ವರ್ಷದಿಂದ ಒಂದನೇ ಕ್ಲಾಸಿಂದಾನೇ ಇಂಗ್ಲಿಷು. ಅದಕ್ಕೇ ಈ ಟೇಪ್ ರೆಕಾರ್ಡರ್ ಬಂದಿರೋದು. ತರಬೇತೀಲಿ ಹೇಳಿದ್ರು — ನಿಮ್ಮ ಧ್ವನಿ ನೀವೇ ರೆಕಾರ್ಡ್ ಮಾಡ್ಕೊಂಡು ಕೇಳಿ, ಉಚ್ಚಾರಣೆ ಸರಿಹೋಗುತ್ತೆ ಅಂತ. ಹೆಂಗೆ ಸರಿಹೋಗುತ್ತೆ? ಸರಿ ಯಾವ್ದು ಅಂತ ಮೊದ್ಲು ಗೊತ್ತಿರಬೇಕಲ್ಲ. ನನ್ನ ತಪ್ಪು ನಾನೇ ನಾಲ್ಕು ಸಲ ಕೇಳಿದ್ರೆ ಅದೇ ಗಟ್ಟಿಯಾಗುತ್ತೆ.

ಆದ್ರೂ ಓದ್ತೀನಿ. ಪಾರ್ಟ್ಸ್ ಆಫ್ ದಿ ಬಾಡಿ. ಹೆಡ್. ಐ. ಇಯರ್. ನೋಸ್. ಟಾಂಗ್ಯೂ. ಸ್ಟೊಮಾಚ್. ಥಂಬ್. ನೀ... ನೀ ಗೊತ್ತು, ಕೆ ಹೇಳಬಾರ್ದು. ರಿಸ್ಟ್. ರಿಸ್ಟೂ ಗೊತ್ತು, ಯಾಕಂದ್ರೆ ರಿಸ್ಟ್ ವಾಚ್ ಕಟ್ಟಿದೀನಿ. ವಾಚ್ ಇಲ್ದಿದ್ರೆ ಅದರ ಮುಂದೆ ಇರೋ ಡಬ್ಲ್ಯೂನೂ ಎಳೆದು ಹೇಳ್ತಿದ್ನೋ ಏನೋ.

ನಮ್ಮ ಮೇಷ್ಟ್ರುಗಳದ್ದು ಒಂದು ಪದ್ಧತಿ. ಇಂಗ್ಲಿಷ್ ಪದದ ನೆತ್ತಿ ಮೇಲೆ ಪೆನ್ಸಿಲಲ್ಲಿ ಕನ್ನಡ ಬರ್ಕೊಳ್ಳೋದು. ನಮಗೆ ಕಲಿಸ್ದೋರೂ ಬರ್ಕೊಂಡಿದ್ರು, ಇನ್ಸ್‌ಪೆಕ್ಟ್ರು ಬರ್ತಾರೆ ಅಂದ್ರೆ ರಬ್ಬರ್ ಹಾಕ್ತಿದ್ರು. ಜೂನಲ್ಲಿ ತರಬೇತಿ ನಡೀವಾಗ ನಾನು ಇಡೀ ಪುಸ್ತಕ, ಗೋಡೆ ಚಾರ್ಟು, ಎಲ್ಲಾ ಸೇರಿಸಿ ಇನ್ನೂರ ಹನ್ನೆರಡು ಪದಕ್ಕೆ ಹಿಂಗೇ ಕನ್ನಡ ಬರ್ದೆ. ದುಂಡಗೆ. ನನ್ನ ಕೈಬರಹ ಚೆನ್ನಾಗಿದೆ, ಅದು ಎಲ್ರೂ ಹೇಳೋದು. ನಮ್ಮ ಸುತ್ತಿನ ಇಪ್ಪತ್ಮೂರು ಸ್ಕೂಲು ನೋಡ್ಕೊಳ್ಳೋ ರಾಜೇಂದ್ರ — ಸಿಆರ್‌ಪಿ, ಇನ್ನೂ ಮೂವತ್ತೂ ಆಗಿಲ್ಲ — ಅದನ್ನ ನೋಡಿ, "ಸಾ, ಇದು ಬಂಗಾರ ಕಣ್ ಸಾ" ಅಂದ. ಝೆರಾಕ್ಸ್ ಮಾಡಿಸಿ ಇಪ್ಪತ್ಮೂರು ಸ್ಕೂಲಿಗೂ ಹಂಚ್ಬಿಟ್ಟ. ಈಗ ಎಲ್ಲಾ ಕಡೆ ಅದೇ. ಶಂಭುಲಿಂಗಪ್ಪನ ಲಿಸ್ಟು.

ಖುಷಿ ಆಯ್ತು. ಸುಳ್ಳು ಯಾಕೆ ಹೇಳ್ಲಿ.

ಆದ್ರೆ ಇವತ್ತು ಒಂದು ಯೋಚನೆ ಬಂತು. ಮೂವತ್ತೈದು ವರ್ಷದಿಂದ ಇಂಗ್ಲಿಷ್ ಓದ್ತಿದೀನಿ. ಕೇಳಿರೋದು ಎಷ್ಟು? ರೇಡಿಯೋ ಕಾಮೆಂಟ್ರಿ ಒಂದಷ್ಟು. ಕಣ್ಣಲ್ಲಿ ಕಲ್ತ ಭಾಷೆ ನಂದು. ಕಿವಿಗೆ ಅದರ ಪರಿಚಯಾನೇ ಇಲ್ಲ...

ಬಸ್ ಹಾರನ್. ಆಫ್.


ಜುಲೈ 6, ಶುಕ್ರವಾರ. 4.35

ಇವತ್ತು ನಗು ಬಿತ್ತು. ನನ್ನ ಮೇಲೆ.

ಟಾಂಗ್ಯೂ ಅಂತ ಕೋರಸ್ ಹೇಳಿಸ್ತಿದ್ದೆ. ಮಕ್ಕಳು ನಾಲಿಗೆ ಚಾಚ್ಕೊಂಡು ಟಾಂಗ್ಯೂ, ಟಾಂಗ್ಯೂ. ಕಿಟಕಿ ಆಚೆ ಯಾರೋ ನಕ್ಕಂಗಾಯ್ತು. ನೋಡಿದ್ರೆ ಗೋವಿಂದಮ್ಮ. ಬಿಸಿಯೂಟದ ಅಡಿಗೆಯವಳು. ಕೈಲಿ ಸೌಟು, ಸೆರಗು ಬಾಯಿಗೆ.

"ಏನು ಗೋವಿಂದಮ್ಮ, ಸಾರು ಹತ್ತುತ್ತೆ ಅಲ್ಲಿ" ಅಂದೆ.

"ಸಾರು ಇಳ್ಸಾಯ್ತು ಸಾ. ನೀವು ನಾಲ್ಗೆಗೆ ಟಾಂಗಾ ಕಟ್‌ಬುಟ್ರಲ್ಲಾ ಅಂತ ನಗ ಬತ್ತು. ಅದು ಟಂಗ್ ಕಣ್ ಸಾ. ಟಂಗ್. ಶೋ ಮಿ ಯುವರ್ ಟಂಗ್."

ಹೇಳಿದ ರೀತಿ! ಕಾಮೆಂಟ್ರೀಲಿ ಕೇಳ್ತೀವಲ್ಲ, ಹಂಗೆ. ಮಕ್ಕಳು ಗಪ್‌ಚಿಪ್. ಒಂದನೇ ಕ್ಲಾಸಿನ ಧನುಶ್ರೀ ಮಾತ್ರ ಎದ್ದು ನಿಂತು, "ಸಾ, ನಮ್ಮಜ್ಜಿ ಸಾ!" ಅಂದ್ಲು. ಆಗ ನೆನಪಾಯ್ತು, ಅವಳು ಗೋವಿಂದಮ್ಮನ ಮಗಳ ಮಗಳು.

ನನಗೆ ಸಿಟ್ಟು ಬರಬೇಕಿತ್ತು. ಬಂತು ಸ್ವಲ್ಪ. ಟಿ, ಓ, ಎನ್, ಜಿ, ಯು, ಇ. ಅದು ಹೆಂಗೆ ಟಂಗ್ ಆಗುತ್ತೆ? ಕೊನೇ ಎರಡು ಅಕ್ಷರ ಏನು, ಗಾಡಿ ಹಿಂದೆ ಜೋತಾಡ್ಕೊಂಡು ಬಂದಿರೋವಾ?

ಊಟ ಆದ್ಮೇಲೆ ಕರೆದು ಕೇಳ್ದೆ. ಕಥೆ ಇದು: ಹನ್ನೆರಡು ವರ್ಷಕ್ಕೆ ಮೈಸೂರಲ್ಲಿ ಒಬ್ಬ ಇಂಗ್ಲಿಷ್ ನರ್ಸಮ್ಮನ ಹತ್ರ, ಮಿಸ್ಸಮ್ಮ ಅಂತಾಳೆ ಇವಳು, ಆಯಾ ಕೆಲಸಕ್ಕೆ ಸೇರಿದ್ಲಂತೆ. ಆ ನರ್ಸಮ್ಮ ತನ್ನ ದೇಶಕ್ಕೆ ವಾಪಸ್ ಹೋಗೋವರ್ಗೂ, ಹದಿನೆಂಟು ವರ್ಷ. ದಿನಾ ವಾರ್ಡಲ್ಲಿ ಅವಳ ಹಿಂದೆಹಿಂದೆ. ನಾಲಿಗೆ ತೋರ್ಸು, ಹೊಟ್ಟೆ ಎಲ್ಲಿ ನೋವು, ಮಂಡಿ ಮಡಚು. ಎಲ್ಲಾ ಇಂಗ್ಲಿಷು.

"ಮತ್ತೆ ಸ್ಟೊಮಾಚ್?" ಅಂದೆ.

"ಯಾವ್ ಮಾಚು? ಸ್ಟಮಕ್ ಸಾ!"

ಒಂದು ಪಾಠದಲ್ಲೇ ಎರಡು ತಪ್ಪು. ಇನ್ನೂರ ಹನ್ನೆರಡಕ್ಕೆ ಎಷ್ಟಾಗಬಹುದು... ಲೆಕ್ಕ ಹಾಕೋಕೆ ಧೈರ್ಯ ಇಲ್ಲ. ಇಪ್ಪತ್ಮೂರು ಸ್ಕೂಲಲ್ಲಿ ಮಕ್ಕಳು ಈಗ ಟಾಂಗ್ಯೂ ಚಾಚ್ತಾ ಇರ್ತವೆ.

ಅವಳಿಗೆ ಓದೋಕೆ ಬರಲ್ಲ. ಎ, ಬಿ, ಸಿ ಕೂಡ ಇಲ್ಲ. ಒಂದು ಅಕ್ಷರಾನೂ ನೋಡ್ದೆ ಇಷ್ಟು ಇಂಗ್ಲಿಷು!


ಜುಲೈ 9, ಸೋಮವಾರ. 4.30

ಕೊಡು-ಕೊಳ್ಳು ಶುರುವಾಗಿದೆ. ಪಾತ್ರೆ ತೊಳೆದಾದ್ಮೇಲೆ ಅರ್ಧ ಗಂಟೆ. ನಾನು ಪದ ತೋರಿಸಿ ಕನ್ನಡದಲ್ಲಿ ಅರ್ಥ ಹೇಳ್ತೀನಿ, ಅವಳು ಇಂಗ್ಲಿಷಲ್ಲಿ ಹೇಳ್ತಾಳೆ. ನಾನು ರಬ್ಬರ್ ಹಾಕಿ ತಿದ್ತೀನಿ. ಅದಕ್ಕೆ ಬದಲು ಅವಳಿಗೆ ಅಕ್ಷರ ತೋರಿಸ್ಬೇಕು. ಅದು ಅವಳೇ ಹಾಕಿದ ಕಂಡೀಷನ್ನು.

"ಇಷ್ಟ್ ವರ್ಸ ಬಾಯಾಗೆ ಇಟ್ಕಂಡಿದೀನಿ ಸಾ, ಅದು ನೋಡಕ್ಕೆಂಗದೆ ಅಂತ ಒಂದ್ಕಿತ ನೋಡ್‌ಬುಡವ."

ಮಂಡಿಗೆ ನೀ ಅಂತೀವಲ್ಲ, ಅದನ್ನ ಬರೆದು ತೋರಿಸ್ದೆ. ಮೊದಲ ಅಕ್ಷರ ಯಾವ್ದು ಅಂದ್ಲು. ಕೆ ಅಂದೆ. ಅದರದ್ದೇನು ಕೆಲಸ ಅಂದ್ಲು. ಕೆಲಸ ಇಲ್ಲ, ಸುಮ್ನೆ ನಿಂತಿರುತ್ತೆ ಅಂದೆ. ಸಿಟ್ಟೇ ಬಂದ್ಬಿಡ್ತು ಅವಳಿಗೆ.

"ಇದೇನ್ ಸಾ ಅನ್ಯಾಯ! ಅದ್ನೆಂಟು ವರ್ಸ ನೀ ನೀ ಅಂದಿವ್ನಿ. ಒಂದಿನಾನೂ ಆ ಮಿಸ್ಸಮ್ಮ ಇಲ್ಲೊಂದು ಕೆ ಅದೆ ಅಂತ ಯೋಳ್ನಿಲ್ವಲ್ಲ!"

ನನಗೆ ನಗು. ನಾನು ಸೌಂಡ್ ಕೇಳಿ ಬೆಚ್ಚಿಬೀಳ್ತೀನಿ, ಅವಳು ಸ್ಪೆಲಿಂಗ್ ನೋಡಿ ಬೆಚ್ಚಿಬೀಳ್ತಾಳೆ. ಒಂದೇ ಮನೆಗೆ ನಾನು ಮುಂದಿನ ಬಾಗಿಲಿಂದ ಬಂದೆ, ಅವಳು ಹಿತ್ತಲ ಬಾಗಿಲಿಂದ. ನಡುಮನೇಲಿ ಎದುರಾಗಿದೀವಿ, ಇಬ್ರಿಗೂ ಗಾಬರಿ.

ಇನ್ನೊಂದು ಹೇಳ್ಬೇಕು. ಇದನ್ನ ಹೇಳೋಕೇ ಆನ್ ಮಾಡಿದ್ದು.

ನಾನು ಯಾವಾಗ್ಲೂ ಮಕ್ಕಳಿಗೆ ಹೇಳ್ತಿದ್ದೆ, ಕನ್ನಡ ಬರೆದಂಗೆ ಓದೋ ಭಾಷೆ, ಇಂಗ್ಲಿಷು ಹಂಗಲ್ಲ, ಮೋಸದ್ದು ಅಂತ. ಇವತ್ತು ಗೋವಿಂದಮ್ಮ ಮಾತಾಡ್ವಾಗ ಗಮನ ಕೊಟ್ಟು ಕೇಳ್ದೆ. ಅಳ್ಳಿ, ಓಗು, ಆಲು, ಅಬ್ಬ. ಬರೆಯೋವಾಗ ಹಳ್ಳಿ, ಹೋಗು, ಹಾಲು, ಹಬ್ಬ. ಈ ಹ ನಮ್ಮೂರಲ್ಲಿ ಯಾರ ಬಾಯಲ್ಲೂ ಇಲ್ಲ. ಬರೀ ಪುಸ್ತಕದಲ್ಲಿ ನಿಂತಿದೆ. ಆ ಕೆ ನಿಂತಂಗೆ! ಇಪ್ಪತ್ತೇಳು ವರ್ಷ ಅದಕ್ಕೆ ಮಕ್ಕಳ ಕಿವಿ ಹಿಂಡಿದೀನಿ ನಾನು.

ಸರಿ, ಇಂಗ್ಲಿಷಲ್ಲೂ ಹ ಬಿಡ್ತಾಳೇನೋ ಅಂತ ಕೈ ತೋರಿಸ್ದೆ. "ಹ್ಯಾಂಡ್" ಅಂದ್ಲು. ತಲೆ? "ಹೆಡ್." ಹೃದಯ? "ಹಾರ್ಟ್." ಒಂದೊಂದೂ ಗಾಳಿ ತುಂಬ್ಕೊಂಡು ಬಂತು. "ಗಂಟೆ?" ಅಂದೆ. "ಅವರ್." ಅಲ್ಲಿ ಮಾತ್ರ ಬಿಟ್ಲು, ಎಲ್ಲಿ ಬಿಡಬೇಕೋ ಅಲ್ಲಿ.

"ಕನ್ನಡದಲ್ಲಿ ಅಳ್ಳಿ ಅಂತೀಯ, ಇಂಗ್ಲಿಷಲ್ಲಿ ಹ್ಯಾಂಡ್ ಅಂತೀಯ. ಇದೆಂಗೆ?"

"ಮಿಸ್ಸಮ್ಮ ಬಾಯ್ ಮುಂದ್ಕೆ ಕನ್ನಡಿ ಇಡೋಳು ಸಾ. ಹ ಅಂದ್ರೆ ಕನ್ನಡಿ ಮಂಜಾಗ್ಬೇಕು. ಮಂಜಾಗ್ನಿಲ್ಲ ಅಂದ್ರೆ ಅವತ್ತು ಬಿಸ್ಕತ್ತಿಲ್ಲ."

ನನ್ನ ಬಾಚಣಿಗೆ ಜೊತೆ ಒಂದು ಸಣ್ಣ ಕನ್ನಡಿ ಇದೆ. ಈಗ ಹಿಡ್ಕೊಂಡು ನೋಡ್ತಿದೀನಿ. ಹ್ಯಾಂಡ್... ಹ್ಯಾಂಡ್. ಸ್ವಲ್ಪ ಮಂಜಾಯ್ತು.


ಜುಲೈ 14, ಶನಿವಾರ. ಮಧ್ಯಾಹ್ನ 12.15

ಗೋಡೆ ಚಾರ್ಟಲ್ಲಿ ಐ ಅಕ್ಷರಕ್ಕೆ ದ್ವೀಪದ ಚಿತ್ರ ಇದೆ. ನೆತ್ತಿ ಮೇಲೆ ನಾನು ಬರೆದಿದ್ದು ಇಸ್‌ಲ್ಯಾಂಡ್. ಗೋವಿಂದಮ್ಮ ಅಂದ್ಲು ಐಲ್ಯಾಂಡ್. ಮಿಸ್ಸಮ್ಮನ ಊರು ಒಂದು ಐಲ್ಯಾಂಡಂತೆ, ಪ್ರತಿ ಭಾನುವಾರ ಅದನ್ನ ನೆನೆಸ್ಕೊಂಡು ಅಳ್ತಿದ್ಲಂತೆ.

ಎಸ್ ಯಾಕಿದೆ ಮತ್ತೆ? ತಲೇಲಿ ಹುಳ ಬಿಟ್ಕೊಂಡಂಗಾಯ್ತು. ನಿನ್ನೆ ಸಂಜೆ ನಂಜನಗೂಡು ಲೈಬ್ರರಿಗೆ ಹೋಗಿ ದಪ್ಪ ಡಿಕ್ಷನರಿ ತೆಗೆಸ್ದೆ. ಕೇಳು... ಯಾರಿಗೆ ಕೇಳು ಅಂತಿದೀನಿ. ಇರ್ಲಿ. ಆ ಪದದಲ್ಲಿ ಮೊದ್ಲು ಎಸ್ ಇರಲೇ ಇಲ್ವಂತೆ! ನಾನೂರು ವರ್ಷದ ಹಿಂದೆ ಓದ್ಕೊಂಡೋರು ಕೆಲವರು ಇದು ಲ್ಯಾಟಿನ್‌ನಿಂದ ಬಂದಿರೋದು ಅಂತ ತಪ್ಪು ತಿಳ್ಕೊಂಡು ಎಸ್ ಸೇರಿಸಿಬಿಟ್ರಂತೆ. ಒಬ್ಬರನ್ನ ನೋಡಿ ಒಬ್ಬರು ಬರೆದ್ರು. ತಪ್ಪು ಅಂತ ಗೊತ್ತಾದ್ಮೇಲೂ ಯಾರೂ ತೆಗೀಲಿಲ್ಲ.

ಡಿಕ್ಷನರಿ ಮುಚ್ಚಿ ವಾಪಸ್ ಕೊಟ್ಟೆ. ಓದ್ಕೊಂಡೋನು ಒಬ್ಬ ತಪ್ಪು ಮಾಡ್ದ, ಉಳಿದೋರು ಕಾಪಿ ಹೊಡೆದ್ರು. ಅವರ ಹತ್ರ ಝೆರಾಕ್ಸ್ ಕೂಡ ಇರಲಿಲ್ಲ.

ಇವತ್ತು ಬೆಳಿಗ್ಗೆ ಕ್ಲಾಸಲ್ಲಿ ಈ ಹೇಳದೇ ಇರೋ ಅಕ್ಷರಗಳ ವಿಷಯ ತೆಗೆದೆ. ಮಕ್ಕಳಿಗೆ ಹೆಂಗೆ ಹೇಳೋದು? ಹೊಳೀತು. "ನರಸೀಪುರದ ಸಂಗಮದಲ್ಲಿ ಎಷ್ಟು ನದಿ?" ಅಂದೆ. "ಮೂರು ಸಾ!" "ಕಾಣೋದು?" "ಎರಡು ಸಾ!" ಕಾವೇರಿ, ಕಪಿಲೆ. ಮೂರನೇದು ಒಳಗೇ ಹರಿಯೋದು, ಗುಪ್ತಗಾಮಿನಿ. "ಅದೇ ತರಾ ಈ ಕೆ, ಥಮ್ ಕೊನೇಲಿರೋ ಈ ಬಿ. ಇದಾವೆ, ಕೇಳಿಸಲ್ಲ." ಎಲ್ರಿಗೂ ತಕ್ಷಣ ಅರ್ಥ ಆಯ್ತು.

ಧನುಶ್ರೀ ಕೈ ಎತ್ತಿದ್ಲು. "ಸಾ, ಕಾಣ್ದಿರೋ ಒಳೇಲಿ ನೀರ್ ಇರ್ತದಾ?"

ಇರುತ್ತಮ್ಮ ಅಂದೆ. ಅವಳಿಗೆ ಸಮಾಧಾನ ಆಗ್ಲಿಲ್ಲ.


ಜುಲೈ 20, ಶುಕ್ರವಾರ. 4.45

ಲೆಕ್ಕ ಮುಗೀತು. ಇನ್ನೂರ ಹನ್ನೆರಡಕ್ಕೆ ನಲವತ್ತೊಂದು ತಪ್ಪು.

28ಕ್ಕೆ ನರಸೀಪುರದಲ್ಲಿ ಸಮಾಲೋಚನಾ ಸಭೆ. ತಿಂಗಳ ಕೊನೇ ಶನಿವಾರ ಸುತ್ತಿನ ಟೀಚರ್ಸ್ ಎಲ್ಲಾ ಸೇರ್ತೀವಿ. ರಾಜೇಂದ್ರ ಫೋನ್ ಮಾಡಿ, "ಸಾ, ಈ ಸಲ ಮಾದರಿ ಪಾಠ ನಿಮ್ದೇ. ನೀವೇ ನಮ್ ಸಂಪನ್ಮೂಲ ವ್ಯಕ್ತಿ" ಅಂದ. ಎಷ್ಟು ಪ್ರೀತಿಯಿಂದ ಅಂದ ಅಂದ್ರೆ, ನಲವತ್ತೊಂದರ ವಿಷಯ ಬಿಟ್ಟು ಆಯ್ತಪ್ಪ ಅಂದ್ಬಿಟ್ಟೆ.

ಒಂದು ಉಪಾಯ ಮಾಡಿದೀನಿ. ಹೊಸ ಲಿಸ್ಟು, ಜೊತೆಗೆ ಹೊಸ ಕ್ಯಾಸೆಟ್ಟು. ಇನ್ನೂರ ಹನ್ನೆರಡು ಪದಾನೂ ಗೋವಿಂದಮ್ಮನ ಧ್ವನೀಲಿ. ಇವತ್ತು ರೆಕಾರ್ಡ್ ಮಾಡ್ದೆ. ಒಂದು ಗಂಟೆ ಹಿಡೀತು. ಮಧ್ಯೆ ಎರಡು ಸಲ ಕೆಮ್ಮಿದ್ಲು, ಒಂದು ಸಲ ಹಾಲಿನ ಗಾಡಿ ಹೋಯ್ತು.

"ನನ್ನ ದನೀನ ಯಾರ್ ಕೇಳಾರು ಸಾ?"

"ಇಪ್ಪತ್ಮೂರು ಸ್ಕೂಲು ಕೇಳುತ್ತೆ."

"ಅಯ್ಯೋ ಸುಮ್ಕಿರಿ!" ಅಂತ ಮುಖ ಮುಚ್ಕೊಂಡ್ಲು. ಆದ್ರೆ ಹೋಗೋವಾಗ ತಲೆಬಾಗಿಲಲ್ಲಿ ನಿಂತು, "ಕೇಳ್ದೋರು ಏನಂದ್ರು ಅಂತ ಬಂದು ಯೋಳ್ಬೇಕು" ಅಂದ್ಲು.

ಈಗ ಕೇಳಿ ನೋಡ್ದೆ. ನನ್ನ ಧ್ವನಿ ಜೋರು, ಅವಳದ್ದು ದೂರ. ಯಾಕೆ? ಟೇಪು ಇದ್ದಿದ್ದು ಮೇಜಿನ ಮೇಲೆ. ನಾನು ಕುರ್ಚೀಲಿ ಕೂತಿದ್ದೆ. ಅವಳು ನಿಂತಿದ್ಲು. ಒಂದು ಗಂಟೆ.

ಇನ್ನೊಂದು ಕುರ್ಚಿ ಇಲ್ಲೇ ಇತ್ತು. ಈಗ್ಲೂ ಇದೆ, ನೋಡ್ತಾ ಇದೀನಿ. ಹೊಳೀಲೇ ಇಲ್ಲ ನನಗೆ.


ಜುಲೈ 28, ಶನಿವಾರ. 3.50. ಸಂಗಮದ ಮೆಟ್ಟಿಲು

ಗಾಳಿ ಸದ್ದು ಬರ್ತಿದೆ ಅನ್ಸುತ್ತೆ. ಬ್ಯಾಗಲ್ಲೇ ಟೇಪ್ ಇತ್ತು, ಆನ್ ಮಾಡ್ದೆ. ಬಸ್ಸಿಗೆ ಮನಸ್ಸಿಲ್ಲ.

ಪಾಠ ಚೆನ್ನಾಗಾಯ್ತು. ಮೂರು ಹೊಳೆ ಉದಾಹರಣೆಗೆ ಚಪ್ಪಾಳೆ. ಹೊಸ ಲಿಸ್ಟ್ ಕೊಟ್ಟೆ. ಹಾಳೆ ನೆತ್ತಿಗೆ 'ಪರಿಷ್ಕೃತ' ಅಂತ ಹಾಕಿದ್ದೆ. ತಪ್ಪಿತ್ತು ಅಂತ ಬರೀಲಿಲ್ಲ, ಹೇಳ್ಲಿಲ್ಲ. ಪರಿಷ್ಕೃತ. ಎಷ್ಟು ಅನುಕೂಲದ ಪದ.

ಆಮೇಲೆ ಕ್ಯಾಸೆಟ್ ಹಾಕ್ದೆ. ಟಂಗ್, ಸ್ಟಮಕ್, ಐಲ್ಯಾಂಡ್... ನಲವತ್ತು ಜನ ಉಸಿರು ಬಿಗಿಹಿಡ್ಕೊಂಡು ಕೇಳಿದ್ರು. ರಾಜೇಂದ್ರ ಎದ್ದು ನಿಂತ. "ಸಾ, ಯಾವ್ ಮೇಡಂ ಸಾ ಇದು? ಎಂಥಾ ಪ್ರನನ್ಸಿಯೇಷನ್ನು!"

ಹೇಳ್ಬೇಕಿತ್ತು. ಬಾಯಿ ತೆಗೆದೆ. ಎಲ್ಲಾ ನನ್ನನ್ನೇ ನೋಡ್ತಿದ್ರು. ಸಂಪನ್ಮೂಲ ವ್ಯಕ್ತಿಗೆ ಅಡಿಗೆಯವಳು ಕಲಿಸಿದ್ಲು ಅಂದ್ರೆ ನಗ್ತಾರೇನೋ... ಅದೊಂದು. ಇನ್ನೊಂದು, ಗೋವಿಂದಮ್ಮ ಯಾವ ಬೀದಿಯೋಳು ಅಂತ ಆ ರೂಮಲ್ಲಿ ಅರ್ಧ ಜನಕ್ಕೆ ಗೊತ್ತು. ಸುತ್ತಿನಲ್ಲಿ ಒಂದೆರಡು ಕಡೆ ಅವಳಂಥೋರ ಕೈ ಊಟ ಬೇಡ ಅಂತ ಮಕ್ಕಳಿಗೆ ಮನೆಯಿಂದ ಡಬ್ಬಿ ಕಟ್ಟೋರು ಇನ್ನೂ ಇದಾರೆ. ಇದೆಲ್ಲಾ ಒಂದು ಕ್ಷಣದಲ್ಲಿ ತಲೇಲಿ ಓಡ್ತು.

"ಮೈಸೂರಿನ ಒಬ್ರು ಮೇಡಂ" ಅಂದೆ.

ಅಷ್ಟೇ. ಎರಡು ಸೆಕೆಂಡು.

ನೀರು ನೋಡ್ತಾ ಕೂತಿದೀನಿ. ಎರಡು ಕಾಣುತ್ತೆ.


ಆಗಸ್ಟ್ 8, ಬುಧವಾರ. 4.30

ಹತ್ತು ದಿನ ಆನ್ ಮಾಡಿರಲಿಲ್ಲ.

"ಏನಂದ್ರು ಸಾ?" ಅಂತ ಆ ಸೋಮವಾರಾನೇ ಕೇಳಿದ್ಲು. ಬಹಳ ಮೆಚ್ಚಿದ್ರು ಅಂದೆ. ನಿಜಾನೇ. "ನಾನು ಅಂತ ಗೊತ್ತಾಯ್ತಾ ಅವ್ರ್ಗೆ?" ಅಂದ್ಲು. ಗಂಟೆ ಹೊಡೀಬೇಕು ಅಂತ ಎದ್ದು ಹೋದೆ.

ಇವತ್ತು ರಾಜೇಂದ್ರ ಬಂದಿದ್ದ. ಊಟದ ಹೊತ್ತು. ವರಾಂಡದಲ್ಲಿ ಮಕ್ಕಳು ಸಾಲಾಗಿ ಕೂತಿದ್ವು, ಗೋವಿಂದಮ್ಮ ಬಡಿಸ್ತಿದ್ಲು. ರಾಜೇಂದ್ರ ಒಂದೊಂದು ಮಗೂಗೂ ಕೇಳ್ತಾ ಬಂದ. ಇದೇನು? ಟಂಗ್. ಇದು? ನೀ. ಅವನಿಗೆ ಖುಷಿಯೋ ಖುಷಿ. "ಎಷ್ಟ್ ಚೆನ್ನಾಗ್ ಹೇಳ್ತೀರ್ರೋ! ಯಾರು ಕಲ್ಸಿದ್ದು, ಮೈಸೂರು ಮೇಡಂ ಟೇಪಾ?"

ಧನುಶ್ರೀ ಅನ್ನದ ಕೈ ಎತ್ತಿದ್ಲು. "ಅಲ್ಲ ಸಾ. ನಮ್ಮಜ್ಜಿ."

ರಾಜೇಂದ್ರ ನಕ್ಕ. ಕೆಟ್ಟದಾಗಿ ಅಲ್ಲ, ಮಕ್ಕಳು ಏನೋ ಹೇಳಿದ್ರೆ ನಗ್ತೀವಲ್ಲ, ಹಂಗೆ. "ಓಹೋ, ನಿಮ್ಮಜ್ಜೀನಾ? ಸರಿ ಬಿಡು!" ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸ್ದ.

ನಾನೂ ನಕ್ಕೆ.

ಮಗು ನನ್ನ ಮುಖಾನೇ ನೋಡ್ತು. ಗೋವಿಂದಮ್ಮ ಒಂದು ಸೌಟು ಸಾರು ಎತ್ತಿದ್ಲು. ಅದು ಹಂಗೇ ನಿಂತಿತ್ತು. ಆಮೇಲೆ ಮುಂದಿನ ತಟ್ಟೆಗೆ ಬಡಿಸಿದ್ಲು.

ಮೂರು ಗಂಟೆಗೆ ಪದ ಕೇಳೋಕೆ ಕರೆದೆ. ಪಾತ್ರೆ ಅದೆ ಸಾ ಅಂದ್ಲು. ಪಾತ್ರೆ ತೊಳೆದು ಬೋರಲು ಹಾಕಿದ್ದು ನನಗೆ ಕಾಣ್ತಾ ಇತ್ತು.


ಆಗಸ್ಟ್ 9, ಗುರುವಾರ. 4.50

ಬೇಗ ಬೇಗ ಹೇಳ್ತೀನಿ, ಮರೆಯೋಕೆ ಮುಂಚೆ. ಮರೆಯಲ್ಲ, ಆದ್ರೂ.

ಅಡಿಗೆಮನೆಗೆ ನಾನೇ ಹೋದೆ. ಗೋವಿಂದಮ್ಮೋರು ಮೆಣಸಿನಕಾಯಿ ತೊಟ್ಟು ಬಿಡಿಸ್ತಾ ಕೂತಿದ್ರು. "ತಪ್ಪಾಯ್ತು" ಅಂದೆ. ತಲೆ ಎತ್ತಲಿಲ್ಲ.

"ನಿಮ್ಮ ಹೆಸರು ಹೇಳ್ಬೇಕಿತ್ತು ನಾನು."

"ಎಸ್ರು ಯೋಳಿ ಅಂತ ನಾ ಕೇಳಿದ್ನಾ ಸಾ?"

"ಇಲ್ಲ."

"ಯೋಳ್ದೆ ಇದ್ರೆ ಇರ್ಲಿ. ಎಷ್ಟೋ ಜನ ಯೋಳಕಿಲ್ಲ. ನಾ ಬೇಯ್ಸಿದ್ದನ್ನ ಉಂಡ್ಕಂಡು ಓಯ್ತಾರೆ, ನಂಗೇನ್ ಬೇಜಾರಿಲ್ಲ. ಆದ್ರೆ ಇಲ್ದೇ ಇರೋಳ್ನ ಯಾಕ್ ತಂದ್ರಿ? ಯಾರವ್ಳು ಮೈಸೂರ್ ಮೇಡಮ್ಮು? ನನ್ ಬಾಯ್ನ ಎತ್ತಿ ಅವ್ಳ್ ಮೂತಿಗೆ ಇಟ್ರಲ್ಲ ಸಾ!"

ಕೆ ಇದ್ದೂ ಹೇಳದೇ ಇರೋದು ಒಂದು. ಇಲ್ಲದೇ ಇರೋ ಎಸ್ ತಂದು ಸೇರಿಸೋದು ಇನ್ನೊಂದು. ಆ ನಾನೂರು ವರ್ಷದ ಹಿಂದಿನೋರ ಮೇಲೆ ನಗ್ತಿದ್ನಲ್ಲ, ಅದೇ ಕೆಲಸ ನಾನು ಎರಡು ಸೆಕೆಂಡಲ್ಲಿ ಮಾಡಿದ್ದೆ.

"ಆ ಮಗಿನ ಮುಂದೆ ನಕ್ರಿ. ಅದು ರಾತ್ರಿಯೆಲ್ಲಾ ಕೇಳ್ತು, ಅಜ್ಜಿ, ನಾ ಸುಳ್ ಯೋಳ್ದ್ನಾ ಅಂತ."

ಅಲ್ಲೇ ಸೌದೆ ಮೇಲೆ ಕೂತ್ಕೊಂಡೆ. ಮುಂದಿನ ಸಭೇಲಿ ಎಲ್ಲರ ಮುಂದೆ ಹೇಳ್ತೀನಿ ಅಂದೆ. ಕ್ಯಾಸೆಟ್ ಮೇಲೆ ನಿಮ್ಮ ಹೆಸರು ಬರೆಸ್ತೀನಿ ಅಂದೆ.

ಮೆಣಸಿನಕಾಯಿ ಪೂರ್ತಿ ಬಿಡಿಸಿದ್ರು. ಆಮೇಲೆ ಕೈ ಒರೆಸ್ಕೊಂಡ್ರು.

"ಟೇಪು ಬ್ಯಾಡಿ ಸಾ. ಟೇಪ್‌ಗೆ ಮುಖ ಇಲ್ಲ, ಯಾರ್ದು ಅಂತ ಬೇಕಾರೂ ಅನ್ಬೋದು. ನಾನೇ ಬತ್ತೀನಿ."


ಆಗಸ್ಟ್ 10, ಶುಕ್ರವಾರ. 9.40, ಪ್ರಾರ್ಥನೆ ಆದ್ಮೇಲೆ

ಒಂದೇ ನಿಮಿಷ. ಇವತ್ತು ಸಾಲಲ್ಲಿ ಎಲ್ಲಾ ಮಕ್ಕಳ ಮುಂದೆ ಧನುಶ್ರೀನ ಕರೆದು ಹೇಳ್ದೆ — ಮೊನ್ನೆ ಇವಳು ಹೇಳಿದ್ದು ಸತ್ಯ, ನಕ್ಕಿದ್ದು ನಂದು ತಪ್ಪು. ನಿಮಗೂ ನನಗೂ ಇಂಗ್ಲಿಷ್ ಮಾತು ಕಲಿಸ್ತಿರೋದು ಗೋವಿಂದಮ್ಮ.

ಮಗು ಯೋಚನೆ ಮಾಡ್ತು. "ಅಂಗಾರೆ ನೀವೂ ನಮ್ ಜೊತೇಲಿ ಕೂರ್ಬೇಕು ಸಾ" ಅಂತು.

ಗೋವಿಂದಮ್ಮೋರು ಪದ ಹೇಳಿಸೋ ಮೂರು ಗಂಟೆ ಪೀರಿಯಡ್ಡಿಗೆ ನಾನೂ ಚಾಪೆ ಮೇಲೆ ಕೂತ್ಕೋಬೇಕು ಇನ್ನು. ಮಂಡಿ ನೋವಿದೆ. ಕೆ ಇರೋ ಮಂಡಿ.


ಆಗಸ್ಟ್ 18, ಶನಿವಾರ. 12.20

ರಾಜೇಂದ್ರನಿಗೆ ಫೋನ್ ಮಾಡಿ ಎಲ್ಲಾ ಹೇಳ್ದೆ. ನಲವತ್ತೊಂದನ್ನೂ ಹೇಳ್ದೆ.

"ಸಾ, ಅಡಿಗೆಯೋರು ಸಭೆಗೆ ಬರೋಕೆ ಆದೇಶ ಇಲ್ವಲ್ಲ ಸಾ."

"ಇಲ್ಲದೇ ಇರೋ ಮೇಡಂಗೆ ಯಾವ ಆದೇಶ ಇತ್ತಪ್ಪ?"

"ಕ್ಯಾಸೆಟ್ ಆಗ್ಲೇ ಕಾಪಿ ಮಾಡ್ಸಿದೀನಿ ಸಾ, ಇಪ್ಪತ್ಮೂರು. ಲೇಬಲ್ ಮೇಲೆ..."

"ಏನಂತ ಇದೆ?"

"...ಮೈಸೂರು ಮೇಡಂ ಅಂತ."

"ಕಿತ್ತಾಕು."

ಆಮೇಲೆ ಮೆಲ್ಲಗೆ ಅಂದ, "ಸಾ, ಎಲ್ರೂ ನಿಮ್ ಲಿಸ್ಟು ಅಂತಾರೆ. ನೀವೇ ಎದ್ದು ನಿಂತು ಹೇಳಿದ್ರೆ ನಿಮ್ ಮರ್ಯಾದೆ..."

"ಅದನ್ನ ನಾನು ನೋಡ್ಕೋತೀನಿ."

"ಆಯ್ತು ಸಾ. ಕುರ್ಚಿ ಒಂದು ಜಾಸ್ತಿ ಹಾಕಿಸ್ತೀನಿ."

ಒಳ್ಳೇ ಹುಡುಗ. ನಾನು ಹೇಳೋಕೆ ಮುಂಚೆ ಕುರ್ಚಿ ನೆನಪಾಯ್ತು ಅವನಿಗೆ. ನನಗೆ ಐವತ್ತು ವರ್ಷ ಬೇಕಾಯ್ತು.


ಆಗಸ್ಟ್ 25, ಶನಿವಾರ. ಬೆಳಿಗ್ಗೆ 11.45

ಬಸ್ 12ಕ್ಕೆ. ಗೋವಿಂದಮ್ಮೋರು ಬೆಳಿಗ್ಗೆ ಆರಕ್ಕೇ ಬಂದು ಅಡಿಗೆ ಮುಗಿಸಿ, ಮನೆಗೆ ಹೋಗಿ ಸೀರೆ ಬದಲಾಯಿಸ್ಕೊಂಡು ಬಂದಿದಾರೆ. ನೀಲಿ ಸೀರೆ. ಧನುಶ್ರೀ ಕೂಡ ಬರ್ತಾಳಂತೆ, ಸಾಕ್ಷಿಗೆ. ಗೇಟ್ ಹತ್ರ ನಿಂತಿದಾರೆ ಇಬ್ರೂ. ಗೋವಿಂದಮ್ಮೋರ ಕೈಲಿ ಸ್ಲೇಟಿದೆ. ಅದರಲ್ಲಿ ತಮ್ಮ ಹೆಸರು ಇಂಗ್ಲಿಷಲ್ಲಿ ತಾವೇ ಬರೆದಿದಾರೆ, ಎಂ ಎರಡು ಬೇಕಾ ಒಂದು ಸಾಕಾ ಅಂತ ನಿನ್ನೆ ಇಬ್ರೂ ಜಗಳ ಆಡಿದ್ವಿ. ಎರಡೂ ಕೇಳಿಸ್ತದೆ, ಎರಡೂ ಇರ್ಲಿ ಅಂದ್ರು.

ಸಭೆಗಲ್ಲ, ಸ್ಕೂಲುಗಳಿಗೆ ಅಂತ ಮೊನ್ನೆ ಕ್ಯಾಸೆಟ್ಟು ಮತ್ತೆ ಮಾಡಿದ್ವಿ. ಈ ಸಲ ಕೂತ್ಕೊಂಡು ಹೇಳಿದ್ರು. ಧ್ವನಿ ಪಕ್ಕದಲ್ಲೇ ಇದ್ದಂಗೆ ಬಂದಿದೆ.

ನಂದು ಒಂದು ಸಲ ಪ್ರಾಕ್ಟೀಸ್ ಮಾಡ್ಕೋತೀನಿ.

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಇದೇ ಜಾಗದಲ್ಲಿ ನಾನು ಎರಡು ಸುಳ್ಳು ಹೇಳ್ದೆ. ಒಂದು, ಲಿಸ್ಟು ಪರಿಷ್ಕೃತ ಅಂತ. ಅದು ಪರಿಷ್ಕೃತ ಅಲ್ಲ, ಮೊದಲನೇದು ತಪ್ಪಿತ್ತು, ನಲವತ್ತೊಂದು ಕಡೆ, ತಪ್ಪು ನಂದು. ಎರಡನೇದು... ಎರಡನೇದು ಏನಪ್ಪಾ ಅಂದ್ರೆ... ಅದೇನಾಯ್ತು ಅಂದ್ರೆ, ನಾನು...

ಥೂ. ಇಲ್ಲಿ ಬೀರು ಮುಂದೇನೇ ಬರ್ತಿಲ್ಲ. ಅಲ್ಲಿ ನಲವತ್ತು ಜನ.

ಸಾರಿ, ಮತ್ತೆ ಮೊದಲಿಂದ. ಎಲ್ಲರಿಗೂ ನಮಸ್ಕಾರ. ಮೈಸೂರಿನ ಮೇಡಂ ಅಂತ ಯಾರೂ ಇಲ್ಲ. ಇರಲೂ ಇಲ್ಲ. ನೀವು ಕೇಳಿದ ಆ ಧ್ವನಿ...

ಆಂ? ಬಸ್ ಬಂತಾ?

ಹರಿ ಅಪ್, ಸಾ — ಅಂತ ಕೂಗ್ತಿದಾರೆ. ಗೇಟಿಂದ ಇಲ್ಲಿಗೆ ಕೇಳಿಸ್ತು ಹ. ಇದ್ಕೆ ಕನ್ನಡಿ ಬೇಕಿಲ್ಲ.

ಬಂದೆ, ಗೋವಿಂದಮ್ಮೋರೆ, ಬಂ